ಬಸ್ಸು ಬಾಡಿಗೆ ಹಿಡಿದು ಕರಾವಳಿ ನೋಡಿ ಬಂದೆವು

ನಮ್ಮ ಇಳಕಲ್ಲ, ಹುನಗುಂದದ ಕಡೆಯ ಬಹಳ ಮಂದಿ ರೈತರು ಸಮುದ್ರ ನೋಡಿದ್ದು ಸಿನೆಮಾದಲ್ಲಿ ಮಾತ್ರ. ಐವತ್ತು ವರ್ಷ ಒಕ್ಕಲುತನ ಮಾಡಿದ ನನ್ನ ದೊಡ್ಡಪ್ಪ ಒಮ್ಮೆಯೂ ನೋಡದೇ ಹೋದ. ‘ಬೆಳಿ ಬಿಟ್ಟು ಎಲ್ಲಿ ಹೋಗೂದೋ’ ಅನ್ನುತ್ತಿದ್ದ. ಆ ಮಾತು ನನ್ನನ್ನು ಕಾಡುತ್ತಿತ್ತು. ಅದಕ್ಕೇ 2025ರ ಜನವರಿಯಲ್ಲಿ ನಾವು ನಾಲ್ಕು ಊರಿನ ನಲವತ್ತು ಮಂದಿ ಬಸ್ಸು ಬಾಡಿಗೆ ಹಿಡಿದು ಕರಾವಳಿಗೆ ಹೋಗಿ ಬಂದೆವು. ಹೀಗೆ ಹೊರಡುವವರಿಗೆ ಉಪಯೋಗವಾದೀತೆಂದು ನಮ್ಮ ಲೆಕ್ಕ, ನಮ್ಮ ತಪ್ಪು ಎರಡನ್ನೂ ಬರೆಯುತ್ತಿದ್ದೇನೆ.

ಯಾವಾಗ ಹೋಗುವುದು?

ಒಕ್ಕಲಿಗನಿಗೆ ಪುರುಸೊತ್ತು ಸಿಗುವುದೇ ಕಷ್ಟ. ಹಿಂಗಾರಿ ಜೋಳಕ್ಕೆ ಎಡೆ ಹೊಡೆಯುವುದು ಮುಗಿದು, ಹಕ್ಕಿ ಕಾಯುವುದು ಶುರುವಾಗುವ ಮೊದಲು ಎಂಟು ಹತ್ತು ದಿನ ಉಸಿರಾಡಲು ಸಿಗುತ್ತದೆ. ಎಳ್ಳಮಾಸಿಗೆ ಚರಗ ಚೆಲ್ಲಿ ಹೊರಡುವುದು, ಬಾದಾಮಿ ಬನಶಂಕರಿ ಜಾತ್ರೆಯೊಳಗೆ ಮನೆ ಸೇರುವುದು ಎಂದು ಗೊತ್ತು ಮಾಡಿದೆವು. ಮಳೆಗಾಲದಲ್ಲಿ ಹೋದರೆ ಹಸಿರು ಹೆಚ್ಚು ಎಂದು ಹುಡುಗರು ಹಟ ಮಾಡಿದರು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದನ್ನು ನೆನಪಿಸಿದ ಮೇಲೆ ಸುಮ್ಮನಾದರು.

ಬಸ್ಸು ಹಿಡಿಯುವ ಕೆಲಸ

ಮೊದಲು ಸರಕಾರಿ ಬಸ್ಸು ಕೇಳಿದೆವು. ವಾಯವ್ಯ ಸಾರಿಗೆಯವರು ಗುಂಪಿಗೆ ಇಡೀ ಬಸ್ಸನ್ನು ಕರಾರಿನ ಮೇಲೆ ಕೊಡುತ್ತಾರೆ. ಆದರೆ ಡಿಸೆಂಬರ್, ಜನವರಿ ಅಂದರೆ ಶಾಲಾ ಪ್ರವಾಸಗಳ ಹಂಗಾಮು. ಮೊದಲೇ ಅರ್ಜಿ ಕೊಡಬೇಕಿತ್ತು, ನಾವು ತಡ ಮಾಡಿದ್ದೆವು. ‘ನಮಗ ಫ್ರೀ ಅಲ್ಲೇನ್ರೀ?’ ಎಂದು ನಮ್ಮ ಗುಂಪಿನ ಅಕ್ಕನೊಬ್ಬಳು ಕೇಳಿದಳು. ಶಕ್ತಿ ಯೋಜನೆ ಬಾಡಿಗೆ ಬಸ್ಸಿಗೆ ಇಲ್ಲ ಎಂದು ತಿಳಿಸಿ ಹೇಳಬೇಕಾಯಿತು.

ಕೊನೆಗೆ ಖಾಸಗಿ ಬಸ್ಸು ಗೊತ್ತಾಯಿತು. ಇಲ್ಲಿ ಒಂದು ಮಾತು. ಬಾಡಿಗೆ ಬಸ್ಸಿಗೆ ಕರಾರು ಪರವಾನಗಿ, ಎಫ್.ಸಿ., ವಿಮೆ ಮೂರೂ ಇರಬೇಕು. ಪ್ರಯಾಣಿಕರ ಪಟ್ಟಿ ಬಸ್ಸಿನಲ್ಲಿರಬೇಕು. ದಾರಿಯಲ್ಲಿ ಕಂಡವರನ್ನು ಟಿಕೇಟು ಕೊಟ್ಟು ಹತ್ತಿಸಿಕೊಳ್ಳುವಂತಿಲ್ಲ. ಕಾಗದಗಳನ್ನು ಕೇಳಿ ನೋಡುವುದರಲ್ಲಿ ನಾಚಿಕೆ ಬೇಡ. ಎತ್ತು ಕೊಳ್ಳುವಾಗ ಹಲ್ಲು ನೋಡುವುದಿಲ್ಲವೇ?

ಕಿಲೋಮೀಟರಿಗೆ 48 ರೂಪಾಯಿ ದರ ಠರಾಯಿಸಿದೆವು. ದಿನಕ್ಕೆ ಕನಿಷ್ಠ 300 ಕಿಲೋಮೀಟರಿನ ಹಣ ಕೊಡಲೇಬೇಕು. ನಾವು ಓಡಿದ್ದು ನಾಲ್ಕು ದಿನಕ್ಕೆ ಸುಮಾರು 1,100 ಕಿಲೋಮೀಟರ್, ಹಣ ಕೊಟ್ಟಿದ್ದು 1,200ಕ್ಕೆ. ಇನ್ನೊಂದು ಗುಟ್ಟು: ಮೀಟರಿನ ಎಣಿಕೆ ನೀವು ಹತ್ತುವ ಜಾಗದಿಂದ ಅಲ್ಲ, ಬಸ್ಸು ಮಾಲಕರ ಮನೆಯಿಂದ ಶುರುವಾಗಿ ಮತ್ತೆ ಅಲ್ಲಿಗೇ ಮುಗಿಯುತ್ತದೆ. ಆದ್ದರಿಂದ ನಿಮ್ಮ ಊರಿನದೇ ಬಸ್ಸು ಹಿಡಿಯುವುದು ಲೇಸು.

ನಮ್ಮ ಖರ್ಚು ಹೀಗಿತ್ತು: ಬಾಡಿಗೆ 57,600, ಚಾಲಕ ಮತ್ತು ಕ್ಲೀನರಿಗೆ ಬತ್ತೆ 4,000, ಟೋಲು ಮತ್ತು ನಿಲುಗಡೆ 5,400, ಅಡುಗೆ ಸಾಮಾನು 19,000, ವಸತಿ 9,000. ಒಟ್ಟು 95,000 ರೂಪಾಯಿ. ತಲೆಗೆ 2,500ರಂತೆ ಕೂಡಿಸಿದ್ದೆವು. ಉಳಿದ 5,000ವನ್ನು ತಲೆಗೆ 125ರಂತೆ ತಿರುಗಿ ಕೊಟ್ಟೆವು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ ಮನೆಯಿಂದಲೇ ಕಟ್ಟಿಕೊಂಡದ್ದರಿಂದ ಊಟದ ಖರ್ಚು ಇಷ್ಟಕ್ಕೆ ನಿಂತಿತು.

ಮೊದಲ ತಪ್ಪು ಹೊರಡುವಾಗಲೇ ಆಯಿತು. ಇಳಕಲ್ಲ, ಹುನಗುಂದ, ಬಾಗಲಕೋಟೆ, ಬಾದಾಮಿ ಹೀಗೆ ನಾಲ್ಕು ಕಡೆ ಜನರನ್ನು ಹತ್ತಿಸಿಕೊಳ್ಳುವುದರಲ್ಲಿ ಎರಡೂವರೆ ತಾಸು ಹೋಯಿತು. ಎಲ್ಲರೂ ಹಿಂದಿನ ರಾತ್ರಿಯೇ ಒಂದು ಊರಲ್ಲಿ ಸೇರಬೇಕಿತ್ತು. ಕುಳಗೇರಿ ಕ್ರಾಸು, ನರಗುಂದ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲು ಘಾಟಿ ಇಳಿದು ಗೋಕರ್ಣ ಮುಟ್ಟಿದಾಗ ದೀಪ ಹಚ್ಚುವ ಹೊತ್ತು.

ಉಪ್ಪು ನೀರಿನ ಭತ್ತ

ಎರಡನೆಯ ದಿನ ಸಾಣಿಕಟ್ಟೆಯ ಉಪ್ಪಿನ ಆಗರ ನೋಡಿ, ಅಘನಾಶಿನಿ ಹೊಳೆಯ ಗಜನಿ ಗದ್ದೆಗಳಿಗೆ ಹೋದೆವು. ಸಮುದ್ರದ ಉಬ್ಬರದ ನೀರು ಹೊಕ್ಕುವ ಈ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಉಪ್ಪನ್ನೂ ತಡೆಯುತ್ತದೆ, ನೆರೆ ನಿಂತರೂ ಸಾಯುವುದಿಲ್ಲ. ನಾವು ಹೋದಾಗ ಕೊಯ್ಲು ಮುಗಿದು ಗದ್ದೆಯಲ್ಲಿ ನೀರು ನಿಂತಿತ್ತು. ಆಗ ಅಲ್ಲಿ ಸಿಗಡಿ, ಮೀನು ಸಿಗುತ್ತವೆ.

ಬಾದಾಮಿ ಕಡೆಯ ನಮ್ಮ ಗೆಳೆಯನೊಬ್ಬನ ಮೂರು ಎಕರೆ ಕಾಲುವೆ ನೀರಿನಿಂದ ಸವಳಾಗಿ ಬಿದ್ದಿದೆ. ಆತ ‘ಈ ಬೀಜ ಒಂದ್ ಚೀಲ ಕೊಡ್ರಿ’ ಎಂದು ಗಂಟು ಬಿದ್ದ. ಅಲ್ಲಿಯ ರೈತರು ನಕ್ಕು, ‘ನಮ್ಮಲ್ಲಿ ಜೂನ್ ಮಳೆ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬೀಜ ಚೆಲ್ಲುತ್ತೇವೆ. ನಿಮ್ಮಲ್ಲಿ ಉಪ್ಪು ತೊಳೆಯುವಷ್ಟು ಮಳೆ ಎಲ್ಲಿದೆ?’ ಎಂದು ಕೇಳಿದರು. ಅವನಿಗೆ ಉತ್ತರ ಸಿಕ್ಕಿತು: ಬೀಜಕ್ಕಿಂತ ಮೊದಲು ನೀರು ಬಸಿದು ಹೋಗಲು ಹಾದಿ ಮಾಡಬೇಕು.

ಮಧ್ಯಾಹ್ನ ಹೊನ್ನಾವರದ ಹತ್ತಿರ ಒಂದು ಅಡಿಕೆ ತೋಟ. ಅಮೀನಗಡದ ಕರದಂಟು ಕೊಟ್ಟೆವು, ಅವರು ಎಳನೀರು ಕೊಟ್ಟರು. ಆ ಮನೆಯ ಹೆಂಗಸರು ನಮ್ಮವರ ಇಳಕಲ್ಲ ಸೀರೆಯ ತೋಪ ತೆನಿ ಸೆರಗನ್ನು ಮುಟ್ಟಿ ಮುಟ್ಟಿ ನೋಡಿದರು. ನಮ್ಮಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಮಳೆ ದಾಟಿದರೆ ಹಬ್ಬ. ಅಲ್ಲಿ 3,000ಕ್ಕೂ ಮೇಲೆ. ‘ನಿಮಗೇನ್ ಚಿಂತಿರೀ’ ಅಂದೆ. ‘ಏಪ್ರಿಲ್ ಬಂದರೆ ನಮ್ಮ ಬಾವಿಯೂ ತಳ ಕಾಣುತ್ತದೆ’ ಅಂದರು ತೋಟದವರು. ಸುರಿದದ್ದೆಲ್ಲ ಇಳಿಜಾರಿನಲ್ಲಿ ಸಮುದ್ರಕ್ಕೆ ಓಡುತ್ತದೆ. ಅದಕ್ಕೇ ಅಡಿಕೆ ಬುಡಕ್ಕೆ ಗೇಣುದ್ದ ಸೊಪ್ಪು, ದರಕು ಮುಚ್ಚಿದ್ದರು. ಅಷ್ಟು ಮಳೆಯ ಊರಿನವರು ನೆಲ ಮುಚ್ಚುತ್ತಾರೆ. ಮಳೆಗಾಗಿ ಬಾಯಿ ಬಿಡುವ ನಾವು ಕಬ್ಬಿನ ರವದಿಗೆ ಬೆಂಕಿ ಹಚ್ಚುತ್ತೇವೆ! ಬಸ್ಸಿನಲ್ಲಿ ಆ ಸಂಜೆ ಇದೇ ಮಾತು.

ಸಮುದ್ರದ ಮುಂದೆ

ರಾತ್ರಿ ಮುರ್ಡೇಶ್ವರದಲ್ಲಿ ಉಳಿದೆವು. ಹಿಂದಿನ ತಿಂಗಳಷ್ಟೇ, 2024ರ ಡಿಸೆಂಬರಿನಲ್ಲಿ, ಶಾಲಾ ಪ್ರವಾಸಕ್ಕೆ ಬಂದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಅಲ್ಲಿ ನೀರುಪಾಲಾಗಿದ್ದರು. ಬಾವಿಯಲ್ಲಿ ಈಜು ಕಲಿತವರಿಗೆ ಸಮುದ್ರದ ಸೆಳೆತ ತಿಳಿಯುವುದಿಲ್ಲ. ಪಾದ ತೋಯಿಸಿದರೆ ಸಾಕು, ಆಚೆ ಯಾರೂ ಇಳಿಯಬಾರದು ಎಂದು ಬಸ್ಸಿನಲ್ಲೇ ಎಲ್ಲರಿಂದ ಮಾತು ತೆಗೆದುಕೊಂಡಿದ್ದೆ. ಮೂರನೆಯ ದಿನ ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿ. ಬಸ್ಸಿನ ಎರಡೂ ಕಡೆಯವರಿಗೆ ಕಿಟಕಿಯ ಜಗಳವೇ ಇರಲಿಲ್ಲ! ಉಡುಪಿ, ಮಲ್ಪೆ ಬಂದರು ನೋಡಿ ಮುಗಿಸಿದಾಗ ಕತ್ತಲಾಗಿತ್ತು.

ನಡುರಾತ್ರಿಯ ಜಗಳ

ನಮ್ಮ ಯೋಜನೆ ಹೀಗಿತ್ತು: ರಾತ್ರಿಯೇ ಹೊನ್ನಾವರದಿಂದ ಗೇರುಸೊಪ್ಪೆ ಘಾಟಿ ಹತ್ತಿ ಬೆಳಗಾಗುವಾಗ ಜೋಗ, ಅಲ್ಲಿಂದ ಶಿರಸಿಯ ಒಂದು ತೋಟ, ಆಮೇಲೆ ಊರು. ಬಸ್ಸಿನ ಮಾಲಕರು ಇಬ್ಬರು ಚಾಲಕರನ್ನು ಕಳಿಸುತ್ತೇವೆಂದು ಬಾಯಿಮಾತಿನಲ್ಲಿ ಹೇಳಿದ್ದರು. ಬಂದದ್ದು ಒಬ್ಬನೇ. ನಾನೂ ಕಾಗದದ ಮೇಲೆ ಬರೆಸಿಕೊಂಡಿರಲಿಲ್ಲ.

ರಾತ್ರಿ ಹನ್ನೊಂದೂವರೆಗೆ ಹೊನ್ನಾವರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಚಾಲಕ ಎರಡು ಸಲ ಮುಖ ತೊಳೆದ. ‘ನಿದ್ದಿ ಬಂದೈತೇನ್ರೀ?’ ಎಂದೆ. ‘ಏನಿಲ್ರೀ ಗೌಡ್ರ, ಎಲಿ ಹಾಕ್ಕೊಂಡ್ರ ಆಗ್ತೈತಿ’ ಅಂದ. ಕಣ್ಣು ಕೆಂಡದಂತಿದ್ದವು. ಮಾಲಕರಿಗೆ ಫೋನು ಮಾಡಿದರೆ ‘ಅವಗ ರೂಢಿ ಐತಿ, ಹೊರಡ್ರಿ’ ಎಂಬ ಉತ್ತರ. ನಾನು ಬಸ್ಸು ಇಲ್ಲಿಯೇ ನಿಲ್ಲಲಿ ಅಂದೆ. ಹುಡುಗರು ರೇಗಿದರು. ‘ರೊಕ್ಕ ಕೊಟ್ಟೀವಿ, ಶಿರಸಿ ತಪ್ತೈತಿ’ ಎಂದು ಗದ್ದಲ. ನನಗೂ ಒಳಗೊಳಗೆ ಹೊಯ್ದಾಟ, ಶಿರಸಿಯ ತೋಟ ನೋಡುವುದೇ ನನ್ನ ದೊಡ್ಡ ಆಸೆಯಾಗಿತ್ತು.

ಆಗ ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳಾದ ಹುನಗುಂದದ ಆಯಿ ಎದ್ದು ನಿಂತಳು. ‘ಎತ್ತಿಗಿ ಸುದ್ದಾ ಮಧ್ಯಾಹ್ನ ಕೊಳ್ಳ ಹರಿತೀರಿ. ಇಂವ ಮುಂಜಾನಿಂದ ಹೂಡೇ ಅದಾನ. ಇವಗೂ ಮನಿಯಾಗ ಮಕ್ಕಳ ಅದಾವೋ ಇಲ್ಲೋ?’ ಎಂದಳು. ಅಷ್ಟೇ. ಯಾರೂ ಮಾತಾಡಲಿಲ್ಲ. ಪೆಟ್ರೋಲು ಬಂಕಿನವರು ಜಾಗ ಕೊಟ್ಟರು. ಚಾಲಕನನ್ನು ಹಿಂದಿನ ಉದ್ದನೆಯ ಸೀಟಿನಲ್ಲಿ ಮಲಗಿಸಿ, ನಾವು ಕುಳಿತಲ್ಲೇ ತೂಕಡಿಸಿದೆವು. ಬೆಳಿಗ್ಗೆ ಏಳರ ತನಕ ಆತ ಮಗ್ಗಲು ಬದಲಿಸಲಿಲ್ಲ.

ಆಗ ಜಾರಿಯಲ್ಲಿದ್ದ ಮೋಟಾರು ಸಾರಿಗೆ ಕೆಲಸಗಾರರ 1961ರ ಕಾಯ್ದೆಯ ಪ್ರಕಾರ ಚಾಲಕನ ಕೆಲಸ ದಿನಕ್ಕೆ 8 ತಾಸು ಆಗಿತ್ತು. 5 ತಾಸಿಗೊಮ್ಮೆ ಅರ್ಧ ತಾಸು ವಿಶ್ರಾಂತಿ ಕೊಡಬೇಕಿತ್ತು. ಇದು ನನಗೆ ಗೊತ್ತಾದದ್ದು ಊರಿಗೆ ಬಂದ ಮೇಲೆ.

ಜೋಗ, ಶಿರಸಿಯ ತೋಟ ಇವೆರಡರಲ್ಲಿ ಒಂದನ್ನು ಬಿಡಬೇಕಾಯಿತು. ಕೈ ಎತ್ತಿಸಿದಾಗ ಜೋಗಕ್ಕೆ ಹೆಚ್ಚು ಮತ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಜೋಗದ ನೀರು ಅಣೆಕಟ್ಟಿನ ಕೈಯಲ್ಲಿದೆ. ಜನವರಿಯಲ್ಲಿ ನಮಗೆ ಕಂಡದ್ದು ದಾರದ ಎಳೆಯಷ್ಟು ನೀರು. ಶಿರಸಿಯಲ್ಲಿ ನಮ್ಮ ನಲವತ್ತು ಮಂದಿಗೆ ಅವಲಕ್ಕಿ ಕಲಸಿಟ್ಟು ಕಾಯುತ್ತಿದ್ದವರಿಗೆ ಫೋನು ಮಾಡುವಾಗ ನಾಲಿಗೆ ಏಳಲಿಲ್ಲ. ಅವರು ಸಿಟ್ಟಾಗಲಿಲ್ಲ, ಅದೇ ಹೆಚ್ಚು ನೋವು.

ಹೊರಡುವವರಿಗೆ ನಾಲ್ಕು ಮಾತು

ಒಂದು, ದಿನಕ್ಕೆ ಕನಿಷ್ಠ ಕಿಲೋಮೀಟರ್, ಬತ್ತೆ, ಟೋಲು ಯಾರದು, ಚಾಲಕರು ಎಷ್ಟು ಮಂದಿ ಎಂಬುದನ್ನೆಲ್ಲ ಕಾಗದದ ಮೇಲೆ ಬರೆಸಿ ಸಹಿ ಹಾಕಿಸಿರಿ. ಎರಡು, ಚಾಲಕ ಒಬ್ಬನೇ ಇದ್ದರೆ ರಾತ್ರಿ ಪ್ರಯಾಣ ಇಟ್ಟುಕೊಳ್ಳಬೇಡಿ, ಅವನಿಗೂ ಮಲಗಲು ಜಾಗ ಗೊತ್ತು ಮಾಡಿರಿ. ಮೂರು, ದಿನಕ್ಕೆ ಎರಡು ಜಾಗ ಸಾಕು, ಮೂರನೆಯದು ಆಸೆಬುರುಕತನ. ನಾಲ್ಕು, ದೇವಸ್ಥಾನದ ಜೊತೆಗೆ ಒಬ್ಬ ರೈತನ ಹೊಲವನ್ನಾದರೂ ನೋಡಿರಿ.

ನಮ್ಮ ಗುಂಪಿನ ಕಬ್ಬು ಬೆಳೆಗಾರನೊಬ್ಬ ಆ ವರ್ಷ ಒಂದು ಎಕರೆ ರವದಿ ಸುಡದೇ ಬಿಟ್ಟ. ಬಾದಾಮಿಯ ಗೆಳೆಯ ಸವಳು ಹೊಲದ ಅಂಚಿಗೆ ಬಸಿಗಾಲುವೆ ತೋಡಿಸಿದ. ಫಲ ಕಾಣಲು ಇನ್ನೂ ಕೆಲವು ಮಳೆಗಾಲ ಬೇಕು. ಶಿರಸಿಯವರ ಅವಲಕ್ಕಿಯ ಸಾಲ ಹಾಗೇ ಉಳಿದಿದೆ. ಮುಂದಿನ ಎಳ್ಳಮಾಸಿಯ ನಂತರ ಮೊದಲು ಅಲ್ಲಿಗೇ ಹೋಗುವುದೆಂದು ನಿಶ್ಚಯಿಸಿದ್ದೇವೆ, ಇಬ್ಬರು ಚಾಲಕರೊಂದಿಗೆ.