ದೇವರ ಮನೆಯ ಗೋಡೆಯೂ ರವಿವರ್ಮನ ಸಿನಿಮಾವೂ

ಭಾನುವಾರದ ಸಂಜೆಯೂ ಹೈದರಾಬಾದಿನ ನಾರಾಯಣಗೂಡಕ್ಕೆ ಬಿಡುವಿಲ್ಲ. ವೈಎಂಸಿಎ ವೃತ್ತದ ನೆತ್ತಿಯ ಮೇಲೆ ಹಸಿರು ಮಾರ್ಗದ ಮೆಟ್ರೊ ಸುಲ್ತಾನ್ ಬಜಾರಿನತ್ತ ಸರಿಯುತ್ತದೆ. ಕೆಳಗೆ ಕಾಚಿಗೂಡದ ಬಸ್ಸು, ಹಿಮಾಯತ್‌ನಗರದ ಆಟೊ, ಮಲ್ಲಿಗೆ ಮಾರುವ ಗಾಡಿ, ಇರಾನಿ ಚಹಾದ ಕಪ್ಪು ಹಿಡಿದು ನಿಂತ ಹುಡುಗರು. ಮೇಲ್ಕೋಟೆ ಪಾರ್ಕಿನ ಬೆಂಚುಗಳಲ್ಲಿ ಹಿರಿಯರ ಹರಟೆ. ತೆಲುಗು, ದಖನಿ ಉರ್ದು, ಮರಾಠಿ ಬೆರೆತ ಆ ಗದ್ದಲದಲ್ಲಿ ಕಿವಿಗೊಟ್ಟರೆ ಕಲಬುರಗಿ, ಬೀದರ್, ರಾಯಚೂರಿನ ಕನ್ನಡವೂ ಕೇಳಿಸುತ್ತದೆ. ಪಕ್ಕದ ಕಾಚಿಗೂಡದಲ್ಲಿ ನೃಪತುಂಗ ಶಾಲೆಯಿದೆ, ಕರ್ನಾಟಕ ಸಾಹಿತ್ಯ ಮಂದಿರವಿದೆ. ನಿಜಾಮರ ಕಾಲದಿಂದ ಇಲ್ಲಿ ನೆಲೆ ನಿಂತ ಕನ್ನಡದ ಮನೆಗಳು ಈ ಗಲ್ಲಿಗಳಲ್ಲಿ ಇನ್ನೂ ಉಳಿದಿವೆ.

ಈ ಬಡಾವಣೆ ಸಿನಿಮಾದ ನೆರೆಯಲ್ಲೇ ಬೆಳೆದದ್ದು. ಇಲ್ಲೇ ಶಾಂತಿ ಥಿಯೇಟರ್ ಇತ್ತು. ಮೆಟ್ರೊದಲ್ಲಿ ಎರಡು ನಿಲ್ದಾಣ ದಾಟಿದರೆ ಆರ್‌ಟಿಸಿ ಕ್ರಾಸ್ ರೋಡ್ಸ್‌ನ ಸಂಧ್ಯಾ, ದೇವಿ, ಸುದರ್ಶನ್. ಹೊಸ ಚಿತ್ರ ಬಂದ ಶುಕ್ರವಾರ ಅಲ್ಲಿ ಕಟೌಟಿಗೆ ಹೂಮಾಲೆ ಏರುತ್ತದೆ, ಮಧ್ಯಾಹ್ನದೊಳಗೆ ತೀರ್ಪೂ ಹೊರಬೀಳುತ್ತದೆ. ಆದರೆ ನಾನು ಹೇಳಹೊರಟ ಸಿನಿಮಾಕ್ಕೆ ಕಟೌಟ್ ಇರಲಿಲ್ಲ. ಗಲ್ಲಿಯೊಂದರ ಎರಡನೇ ಮಹಡಿಯ ಫ್ಲ್ಯಾಟಿನಲ್ಲಿ, ಕಲಬುರಗಿ ಕಡೆಯ ಕುಟುಂಬವೊಂದರ ಟಿವಿಯ ಮುಂದೆ, ನೆರೆಹೊರೆಯವರು ಒಟ್ಟಾಗಿ ಕೂತು ನೋಡಿದ ಚಿತ್ರ ಅದು. ಚಿಕ್ಕ ಮಕ್ಕಳನ್ನು ಪಾರ್ಕಿಗೆ ಕಳಿಸಿ, ಚುರುಮುರಿಯ ತಟ್ಟೆ ನಡುವೆ ಇಟ್ಟುಕೊಂಡು ಎಲ್ಲರೂ ಕೂತರು. ಚಿತ್ರ ‘ರಂಗ್ ರಸಿಯಾ’. ಕಥಾನಾಯಕ ರಾಜಾ ರವಿವರ್ಮ.

ಕೇತನ್ ಮೆಹ್ತಾ ನಿರ್ದೇಶನದ ಈ ಚಿತ್ರ 2008ರಲ್ಲೇ ಸಿದ್ಧವಾಗಿತ್ತು. ಸೆನ್ಸಾರಿನ ತಕರಾರುಗಳನ್ನು ದಾಟಿ ನಮ್ಮ ಚಿತ್ರಮಂದಿರಗಳಿಗೆ ಬಂದದ್ದು 2014ರ ನವೆಂಬರಿನಲ್ಲಿ. ರಣಜಿತ್ ದೇಸಾಯಿ ಅವರ ಮರಾಠಿ ಕಾದಂಬರಿ ಅದಕ್ಕೆ ಆಧಾರ. ರವಿವರ್ಮನಾಗಿ ರಣದೀಪ್ ಹೂಡಾ, ಅವನ ಚಿತ್ರಗಳಿಗೆ ರೂಪದರ್ಶಿಯಾಗುವ ಸುಗಂಧಾಳಾಗಿ ನಂದನಾ ಸೇನ್. ಇಂದಿನ ಕಾಲದ ಹರಾಜು, ಹೊರಗೆ ಪ್ರತಿಭಟನೆ, ಅಲ್ಲಿಂದ ಹಿಂದಕ್ಕೆ ಕೇರಳ, ಮುಂಬೈ, ನ್ಯಾಯಾಲಯದ ಕಟಕಟೆ. ಕಥೆ ಹೀಗೆ ಸಾಗುತ್ತದೆ.

ಚಿತ್ರ ಮುಗಿದು ದೀಪ ಹಾಕಿದಾಗ ಮೊದಲು ಮಾತಾಡಿದವರು ಮನೆಯ ಅಜ್ಜಿ. ಅವರ ದೇವರ ಮನೆಯಲ್ಲಿ ಹಳೆಯ ಲಕ್ಷ್ಮಿಯ ಪಟವಿದೆ. ತಾವರೆಯ ಮೇಲೆ ನಿಂತ, ಪಕ್ಕದಲ್ಲಿ ಆನೆಯಿರುವ ಅದೇ ಲಕ್ಷ್ಮಿ. ಅಜ್ಜಿಯ ಅತ್ತೆ ಆ ಪಟದ ಸೀರೆಗೆ ಜರಿಯ ತುಣುಕು, ಕೊರಳಿಗೆ ಚಮಕಿ ಅಂಟಿಸಿದ್ದರು. ಆ ಕಾಲದ ಹೆಂಗಸರು ರವಿವರ್ಮನ ಮುದ್ರಿತ ಚಿತ್ರಗಳನ್ನು ಹೀಗೆ ಸಿಂಗರಿಸುವುದು ದೇಶದ ಅನೇಕ ಕಡೆ ರೂಢಿಯಲ್ಲಿತ್ತು. ಬಣ್ಣ ಮಾಸಿದೆ, ಜರಿ ಇನ್ನೂ ಹೊಳೆಯುತ್ತದೆ.

“ಅಲ್ಲಪಾ, ಆ ಹುಡುಗಿ ಮಾರಿ ನೋಡಿ ದೇವರನ್ನ ಬರದಾ ಅಂತ ತೋರಿಸ್ಯಾರ. ಊರೆಲ್ಲಾ ಆ ದೇವರಿಗೆ ಕೈ ಮುಗದ್ರು. ಆಕಿಗೆ ಏನು ಸಿಕ್ತು? ಆಕಿನ್ನ ಯಾರು ಕೇಳಿದ್ರು?” ಅಂದರು ಅಜ್ಜಿ. ಚಿತ್ರದ ಬಿಸಿ ದೃಶ್ಯಗಳ ಬಗ್ಗೆ ಅವರೇನೂ ಹೇಳಲಿಲ್ಲ. ಕೇಳಿದ್ದು ಇದೊಂದೇ ಪ್ರಶ್ನೆ.

ಲಲಿತಕಲೆ ಓದುತ್ತಿರುವ ಮೊಮ್ಮಗಳು ಅಜ್ಜಿಯ ಬೆನ್ನಿಗೆ ನಿಂತಳು. “ಅಜ್ಜಿ ಹೇಳಿದ್ದೇ ಖರೆ. ಸಿನಿಮಾ ಆಕಿ ದುಃಖ ತೋರಸ್ತದ, ಆದ್ರ ಆಕಿ ಕೆಲಸ ತೋರ್ಸಂಗಿಲ್ಲ. ಗಂಟೆಗಟ್ಟಲೆ ಅಲುಗಾಡದಂಗ ಕೂಡೋದು ಅಂದ್ರ ಏನು ಅಂತ ನಮ್ಮ ಕ್ಲಾಸಿಗೆ ಬಂದು ಮಾಡೆಲ್ ಕೂಡೋರನ್ನ ನೋಡಿದ್ರ ಗೊತ್ತಾಗ್ತದ. ಮತ್ತ ಎಣ್ಣೆಬಣ್ಣ ಒಂದೇ ದಿನದಾಗ ಒಣಗಂಗಿಲ್ಲ. ಒಂದು ಪದರ ಒಣಗಿದ ಮ್ಯಾಲೆ ಇನ್ನೊಂದು. ರೇಷ್ಮಿ ಸೀರಿ ಹೊಳಪು, ಒಡವಿ ಮ್ಯಾಲಿನ ಬೆಳಕು, ಇವನ್ನ ಆತ ಹೆಂಗ ತಂದಾ? ನನಗ ಅದು ನೋಡಬೇಕಿತ್ತು.”

ಅವಳ ಆಸೆ ನ್ಯಾಯವಾದದ್ದು. 1848ರಲ್ಲಿ ಕಿಳಿಮಾನೂರಿನಲ್ಲಿ ಹುಟ್ಟಿದ ರವಿವರ್ಮನಿಗೆ ಎಣ್ಣೆಬಣ್ಣದ ವಿದ್ಯೆ ಸುಲಭಕ್ಕೆ ದಕ್ಕಲಿಲ್ಲ. ತಿರುವಾಂಕೂರಿನ ಅರಮನೆಗೆ ಬಂದ ಯುರೋಪಿನ ಕಲಾವಿದ ಥಿಯೋಡೋರ್ ಜೆನ್ಸನ್ ಕೆಲಸ ಮಾಡುವುದನ್ನು ದೂರದಿಂದ ನೋಡಿ, ಬಣ್ಣ ಬೆರೆಸುವ ಗುಟ್ಟನ್ನು ತನ್ನ ಕೈಯಿಂದಲೇ ಹುಡುಕಿಕೊಂಡವನು ಅವನು. 1873ರಲ್ಲಿ ವಿಯೆನ್ನಾದ ಪ್ರದರ್ಶನದಲ್ಲಿ ಪ್ರಶಸ್ತಿ ಬಂತು, 1893ರಲ್ಲಿ ಷಿಕಾಗೊದಲ್ಲೂ ಮನ್ನಣೆ ದೊರೆಯಿತು. ಆ ವರ್ಷಗಳ ದುಡಿಮೆ ಕುಂಚದ್ದು, ಕಣ್ಣಿನದು, ತಾಳ್ಮೆಯದು.

ಬಾಗಿಲ ಬಳಿ ಕುರ್ಚಿಯಲ್ಲಿದ್ದವರು ಕುಂದಾಪುರ ಕಡೆಯವರು, ಬಹಳ ವರ್ಷ ಇಲ್ಲಿನ ಹೋಟೆಲುಗಳಲ್ಲಿ ದುಡಿದು ಈಗ ವಿಶ್ರಾಂತರಾಗಿರುವವರು. ಅವರ ಮನಸ್ಸಿನಲ್ಲಿದ್ದದ್ದು ಕೊಲ್ಲೂರು. “ರವಿವರ್ಮ ಪ್ರಾಯದಲ್ಲಿ ಕೊಲ್ಲೂರಿಗೆ ಬಂದು ಮೂಕಾಂಬಿಕೆ ಸನ್ನಿಧಿಯಲ್ಲಿ ವ್ರತ ಹಿಡಿದು ಕೂತದ್ದುಂಟು ಮಾರಾಯ್ರೆ. ವಾಪಸು ಹೋಗುವಾಗ ಕಲ್ಲಿಕೋಟೆಯಲ್ಲಿ ದುಡ್ಡು ಕೊಟ್ಟು ಚಿತ್ರ ಬರೆಸುವವರು ಸಿಕ್ಕಿದ್ದು. ಅಲ್ಲಿಂದಲೇ ಅವನ ಕಸುಬು ಶುರು ಆದದ್ದು. ಅದನ್ನು ಬಿಡಿಸಿ ತೋರಿಸಿದ್ರೆ ಎಷ್ಟು ಚಂದ ಇತ್ತು!” 1870ರ ಆ ಯಾತ್ರೆಯ ಸಂಗತಿ ರವಿವರ್ಮನ ಜೀವನಚರಿತ್ರೆಗಳಲ್ಲೂ ಬರುತ್ತದೆ. ಕನ್ನಡ ನಾಡಿನ ಗುಡಿಯೊಂದು ಆ ಬದುಕಿನ ಹೊಸ್ತಿಲಲ್ಲಿದೆ ಎಂಬುದು ಆ ಹಿರಿಯರಿಗೆ ಹೆಮ್ಮೆ.

ಆಮೇಲೆ ಮಾತು ರವಿವರ್ಮ ತೆರೆದ ಪ್ರೆಸ್ಸಿನತ್ತ ಹೊರಳಿತು. ಗುಂಪಿನಲ್ಲಿ ಮುದ್ರಣದ ಕೆಲಸ ಮಾಡುವ ಕಾಕಾ ಒಬ್ಬರಿದ್ದರು; ಮದುವೆ ಪತ್ರಿಕೆ, ಕ್ಯಾಲೆಂಡರ್ ಅವರ ಅನ್ನ. “ನಾನಂತೂ ಪ್ರೆಸ್ ಬಂದಾಗೇ ನೆಟ್ಟಗ ಕುಂತೆ,” ಅಂದರು. “ನಮಗ ಈಗ ನಾಲ್ಕು ಪ್ಲೇಟು, ನಾಲ್ಕು ಬಣ್ಣ, ಮುಗೀತು. ಆವಾಗ ಒಂದೊಂದು ಬಣ್ಣಕ್ಕ ಒಂದೊಂದು ಕಲ್ಲು ನೋಡ್ರಿ. ಒಂದು ಪಟ ಹೊರಗ ಬರಬೇಕಂದ್ರ ಅದೇ ಕಾಗದ ಎಷ್ಟೋ ಸಲ ಕಲ್ಲಿನ ಮ್ಯಾಲೆ ಹೋಗಬೇಕು. ಒಂದು ಕೂದಲಿನಷ್ಟು ಸರಿದ್ರ ಲಕ್ಷ್ಮಿ ತುಟಿ ಬಣ್ಣ ಗಲ್ಲಕ್ಕ ಬಂದಂಗೇ! ಅದು ಸಾಹಸರೀ. ಆ ಸಾಹಸ ಸಿನಿಮಾದಾಗ ಬಂದಷ್ಟೂ ನನಗ ಕಮ್ಮೀನ ಅನಸ್ತು.”

ಆ ಕಲ್ಲು ಎಂಥದ್ದು ಎಂದು ಯಾರೋ ಕೇಳಿದರು. ಕಾಕಾ ಶಹಾಬಾದ ಕಡೆಯವರು, ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು: “ಸುಣ್ಣದ ಕಲ್ಲು. ಜರ್ಮನಿದು. ನಮ್ಮ ಶಹಾಬಾದ ಫರಸಿನೂ ಸುಣ್ಣದ ಕಲ್ಲೇ, ಆದ್ರ ಜರ್ಮನಿ ಕಲ್ಲು ಭಾಳ ನುಣುಪು.” ಕಲ್ಲಚ್ಚಿಗೆ ಬವೇರಿಯಾದ ಗಣಿಗಳ ಕಲ್ಲು ಆಗ ಜಗತ್ತಿನಲ್ಲೆಲ್ಲ ಹೆಸರಾಗಿತ್ತು. ಜಿಡ್ಡಿನ ಮಸಿಯಿಂದ ಕಲ್ಲಿನ ಮೇಲೆ ಬರೆದು, ಕಲ್ಲನ್ನು ನೀರಿನಿಂದ ತೋಯಿಸಿದರೆ ಬರೆದ ಕಡೆಯಷ್ಟೇ ಬಣ್ಣ ಹಿಡಿಯುತ್ತದೆ. ಜಿಡ್ಡಿಗೂ ನೀರಿಗೂ ಇರುವ ವೈರವೇ ಈ ಮುದ್ರಣದ ಮೂಲ. ಕೊನೆಗೆ ವಾರ್ನಿಷ್ ಬಳಿದರೆ ಎಣ್ಣೆಬಣ್ಣದ ಚಿತ್ರದ ಹೊಳಪು ಬರುತ್ತಿತ್ತು. ದಿವಾನ್ ಟಿ. ಮಾಧವರಾಯರು ಹಿಂದೆಯೇ ಸೂಚಿಸಿದ್ದ ಈ ಹಾದಿ ಹಿಡಿದು 1894ರಲ್ಲಿ ರವಿವರ್ಮ ಮುಂಬೈಯಲ್ಲಿ ಮುದ್ರಣಾಲಯ ತೆರೆದ. ಮುಂಬೈಗೆ ಪ್ಲೇಗ್ ಬಂತು, ಪ್ರೆಸ್ಸು ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು, ಸಾಲ ಬೆಳೆಯಿತು, ಕೊನೆಗೆ ಅದು ಜರ್ಮನಿಯ ತಂತ್ರಜ್ಞ ಫ್ರಿಟ್ಜ್ ಶ್ಲೈಖರ್ ಕೈಗೆ ದಾಟಿತು. ವ್ಯಾಪಾರದಲ್ಲಿ ಕಲಾವಿದ ಸೋತ. ಆದರೆ ಅರಮನೆಯ ಗೋಡೆಗಷ್ಟೇ ಮೀಸಲಾಗಿದ್ದ ಚಿತ್ರ ಬಡವರ ಗುಡಿಸಲಿಗೂ ಬಂತು. ಗರ್ಭಗುಡಿಯ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರ ಮನೆಗೂ ದೇವರ ಮುಖ ಬಂತು. ನನ್ನ ಮಟ್ಟಿಗೆ ರವಿವರ್ಮನ ಬದುಕಿನ ಬಹುದೊಡ್ಡ ಘಟನೆ ಇದೇ.

ಅದೇ ಪ್ರೆಸ್ಸಿನಲ್ಲಿ ಕೆಲಸ ಕಲಿತ ತರುಣನೊಬ್ಬ 1913ರಲ್ಲಿ ‘ರಾಜಾ ಹರಿಶ್ಚಂದ್ರ’ ತೆರೆಗೆ ತಂದ. ದಾದಾಸಾಹೇಬ ಫಾಲ್ಕೆ. ಚಿತ್ರದಲ್ಲಿ ಅವರ ಪಾತ್ರ ಕಂಡಾಗ ಕೋಣೆಯಲ್ಲಿ ಎಲ್ಲರೂ ಹಿಗ್ಗಿದರು. ರವಿವರ್ಮನ ದೇವತೆಗಳೇ ಮುಂದೆ ಬೆಳ್ಳಿತೆರೆಯ ಪುರಾಣಗಳಿಗೆ ವೇಷ, ಒಡವೆ, ನಿಲುವು ಕೊಟ್ಟವು. ಇಲ್ಲಿನ ಥಿಯೇಟರುಗಳಲ್ಲಿ ಪೌರಾಣಿಕ ಚಿತ್ರ ನೋಡಿ ಕೈ ಮುಗಿದ ತಲೆಮಾರುಗಳೂ ಆ ಕುಂಚಕ್ಕೆ ಋಣಿಗಳು. ಕನ್ನಡಿಗರಿಗಂತೂ ‘ಸೊಸೆ ತಂದ ಸೌಭಾಗ್ಯ’ದ ಹಾಡಿನಿಂದ ರವಿವರ್ಮನ ಕುಂಚ ಮನೆಮಾತು.

ನ್ಯಾಯಾಲಯದ ಭಾಗದ ಮಾತು ಬಂದಾಗ ಅಭಿಪ್ರಾಯ ಎರಡಾಯಿತು. ವಕೀಲಿ ಮಾಡುವ ಪಕ್ಕದ ಮನೆಯವರಿಗೆ ಅದೇ ಚಿತ್ರದ ಜೀವಾಳ: “ಚಿತ್ರ ಬರದವನ್ನ ಕಟಕಟಿಗೆ ನಿಲ್ಸೋದು ಆವಾಗೂ ಇತ್ತು, ಈಗೂ ಐತಿ. ಹುಸೇನ್ ಸಾಹೇಬರ ಗತಿ ಏನಾತು ನೋಡ್ರಿ.” ಹೈದರಾಬಾದಿಗೆ ಎಂ.ಎಫ್. ಹುಸೇನ್ ದೂರದವರಲ್ಲ. ಮುಂಬೈಯಲ್ಲಿ ಸಿನಿಮಾ ಹೋರ್ಡಿಂಗ್ ಬರೆದು ಬದುಕು ಆರಂಭಿಸಿದ ಆ ಕಲಾವಿದ ಈ ಊರಿನಲ್ಲಿ ‘ಸಿನಿಮಾ ಘರ್’ ಕಟ್ಟಿದ್ದರು; 2004ರ ಅವರ ‘ಮೀನಾಕ್ಷಿ’ಯ ಮೂರು ನಗರಗಳಲ್ಲಿ ಹೈದರಾಬಾದ್ ಒಂದು. ಚಿತ್ರಗಳ ವಿರುದ್ಧದ ಮೊಕದ್ದಮೆ, ಬೆದರಿಕೆಗಳ ನಡುವೆ ದೇಶ ಬಿಟ್ಟು 2011ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ವಕೀಲರ ಮಾತಿನಲ್ಲಿ ನೋವಿತ್ತು, ಅದಕ್ಕೆ ಕಾರಣವೂ ಇತ್ತು.

ಆದರೆ ನಿವೃತ್ತ ಶಿಕ್ಷಕಿಯೊಬ್ಬರು ಒಪ್ಪಲಿಲ್ಲ. “ವಾದ ಸರಿ ಐತಿ, ಆದ್ರ ಇದು ಕಾದಂಬರಿ ಆಧಾರದ ಸಿನಿಮಾ. ನೋಡಿದ ಹುಡುಗ್ರು ಎಲ್ಲಾ ಹಿಂಗೇ ನಡೀತು ಅಂತ ತಿಳಕೋತಾರ. ತಮ್ಮ ರಾಜರಾಜವರ್ಮ ಅಣ್ಣನ ಜೋಡಿ ಊರೂರು ತಿರುಗಿದ, ಚಿತ್ರದಾಗ ಕೈ ಜೋಡಿಸಿದ, ದಿನಚರಿ ಬರದಿಟ್ಟ. ಆತನ ಬಗ್ಗೆ ಸಿನಿಮಾ ಎಷ್ಟು ಹೇಳ್ತದ?” ಎಂದರು. ಅದೇ ರವಿವರ್ಮನ ಮೇಲೆ ಲೆನಿನ್ ರಾಜೇಂದ್ರನ್ ಮಲಯಾಳದಲ್ಲಿ ತೆಗೆದ ‘ಮಕರಮಂಜು’ವನ್ನೂ ಅವರು ನೋಡಿದ್ದರು. ಅಲ್ಲಿ ರವಿವರ್ಮನ ಪಾತ್ರ ಮಾಡಿದವರು ಛಾಯಾಗ್ರಾಹಕ ಸಂತೋಷ್ ಶಿವನ್. ಊರ್ವಶಿ-ಪುರೂರವರ ಕಥೆಯೊಳಗೆ ಕಲಾವಿದನ ಕಥೆ ಹೆಣೆದ ಆ ಚಿತ್ರ ನಿಧಾನದ್ದು, ನೋಡುವವರಿಗೆ ಚಿತ್ರವನ್ನು ಧ್ಯಾನಿಸಲು ಸಮಯ ಕೊಡುವಂಥದ್ದು ಎಂದು ಅವರ ತೀರ್ಮಾನ.

ಶಿಕ್ಷಕಿ ಹೇಳಿದ ದಿನಚರಿಗೂ ಈ ನಗರಕ್ಕೂ ನಂಟಿದೆ. ಕಳೆದ ಶತಮಾನದ ಮೊದಲ ವರ್ಷಗಳಲ್ಲಿ ಅಣ್ಣತಮ್ಮ ಇಬ್ಬರೂ ಹೈದರಾಬಾದಿಗೆ ಬಂದಿದ್ದರು. ಇಲ್ಲಿ ಅವರ ಆಪ್ತರಾಗಿದ್ದವರು ನಿಜಾಮರ ಆಸ್ಥಾನದ ಛಾಯಾಗ್ರಾಹಕ ರಾಜಾ ದೀನದಯಾಳ್. ಕುಂಚದ ರಾಜನೂ ಕ್ಯಾಮೆರಾದ ರಾಜನೂ ಒಂದೇ ಊರಿನಲ್ಲಿ ಕೂಡಿದ ಆ ದಿನಗಳು ಫಲ ಕೊಡಲಿಲ್ಲ. ನಿಜಾಮರ ಆಶ್ರಯಕ್ಕಾಗಿ ಕಾದು ಕಾದು ಸೋದರರು ನಿರಾಸೆಯಿಂದ ಮರಳಿದರು. ಇತ್ತ ಮೈಸೂರಿನಲ್ಲಿ ಒಡೆಯರ ಮನೆತನ ಆದರದಿಂದ ಬರಮಾಡಿಕೊಂಡಿತು. 1906ರ ಅಕ್ಟೋಬರ್ 2ರಂದು ತೀರಿಕೊಳ್ಳುವ ಮುನ್ನ ರವಿವರ್ಮ ಕೈಗೆತ್ತಿಕೊಂಡ ದೊಡ್ಡ ಕೆಲಸಗಳಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗಾಗಿ ಬರೆದ ಪುರಾಣ ಚಿತ್ರಗಳೂ ಸೇರಿವೆ. ದೇಶದ ಬೇರೆ ಬೇರೆ ಸೀಮೆಯ ಹೆಣ್ಣುಮಕ್ಕಳು ವಾದ್ಯ ಹಿಡಿದು ಒಟ್ಟಿಗೆ ಕೂತ ಅವನ ಹೆಸರಾಂತ ಚಿತ್ರವೂ ಜಗನ್ಮೋಹನ ಅರಮನೆಯ ಸಂಗ್ರಹದ್ದೇ.

ಎಲ್ಲರ ಮಾತನ್ನೂ ಕೇಳಿದ ಮೇಲೆ ನನಗೆ ಅನಿಸಿದ್ದು ಇದು. ‘ರಂಗ್ ರಸಿಯಾ’ ಕಣ್ಣಿಗೆ ಹಬ್ಬ. ಕಲಾವಿದನ ಸ್ವಾತಂತ್ರ್ಯದ ಪರವಾಗಿ ಧೈರ್ಯದಿಂದ ನಿಲ್ಲುವ ಚಿತ್ರ. ಪ್ರಣಯಕ್ಕೂ ಮೊಕದ್ದಮೆಗೂ ಅದು ಕೊಟ್ಟ ಜಾಗದಲ್ಲಿ ಅರ್ಧವನ್ನಾದರೂ ಕುಂಚಕ್ಕೆ, ಕಲ್ಲಿಗೆ, ರೂಪದರ್ಶಿಯ ದುಡಿಮೆಗೆ, ತಮ್ಮನ ಒಡನಾಟಕ್ಕೆ ಕೊಟ್ಟಿದ್ದರೆ ಇನ್ನೂ ದೊಡ್ಡ ಚಿತ್ರವಾಗುತ್ತಿತ್ತು. ಆ ಕೋಣೆಯಲ್ಲಿದ್ದ ಒಬ್ಬೊಬ್ಬರೂ ತಮ್ಮ ಕಸುಬಿನ ಕಣ್ಣಿನಿಂದ ಕೇಳಿದ್ದು ಅದನ್ನೇ. ಕಲಾವಿದನ ಬದುಕು ಅವನ ಕೆಲಸದಲ್ಲಿದೆ. ಅದನ್ನು ತೆರೆಗೆ ತರುವವರು ಮೊದಲು ಆ ಕೆಲಸದ ಮುಂದೆ ಕೂರಬೇಕು.

ನೋಡುಗರಿಗೂ ಒಂದು ಮಾತು. ಸಿನಿಮಾ ನೋಡಿ ಅಷ್ಟಕ್ಕೇ ನಿಲ್ಲಬೇಡಿ. ನಾರಾಯಣಗೂಡದಿಂದ ಮೆಟ್ರೊ ಹತ್ತಿದರೆ ಎರಡನೆಯ ನಿಲ್ದಾಣ ಎಂಜಿಬಿಎಸ್. ಅಲ್ಲಿಂದ ಮೂಸಿ ನದಿಯ ದಂಡೆಯಲ್ಲೇ ಸಾಲಾರ್ ಜಂಗ್ ಮ್ಯೂಸಿಯಂ. ರವಿವರ್ಮನ ಮೂಲಚಿತ್ರಗಳು ಅಲ್ಲೂ ಇವೆ. ಶುಕ್ರವಾರ ರಜೆ, ಉಳಿದ ದಿನ ತೆರೆದಿರುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಿ, ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ.