ಫೋನಿನೊಳಗಿನ ಸಂತೆ



ಮನೆಯಲ್ಲಿರುವ ಸ್ಮಾರ್ಟ್ ಫೋನನ್ನು ಒಮ್ಮೆ ಕೈಗೆ ತಗೊಳ್ಳಿ. ಅದರಲ್ಲಿ ಬಣ್ಣಬಣ್ಣದ ಒಂದು ತ್ರಿಕೋನದ ಚಿತ್ರ ಇದೆಯೇ ನೋಡಿ. ಅದರ ಹೆಸರು ಪ್ಲೇ ಸ್ಟೋರ್. 'ಸ್ಟೋರ್' ಅಂದರೆ ಅಂಗಡಿ. ಫೋನಿಗೆ ಬೇಕಾದ ಆ್ಯಪ್‌ಗಳು ಈ ಅಂಗಡಿಯಿಂದ ಬರುತ್ತವೆ. ಈ ಅಂಗಡಿ ಗೂಗಲ್ ಎಂಬ ಅಮೆರಿಕದ ಕಂಪನಿಯದು.

ನಮ್ಮ ತರಗತಿಯಲ್ಲಿ ಒಬ್ಬ ಅಕ್ಕ ಒಂದು ಪ್ರಶ್ನೆ ಕೇಳಿದರು. "ನನ್ನ ಮಗಳು ಹಾಡು ಕಲಿಯೋ ಆ್ಯಪಿಗೆ ಅಂತ ಫೋನಿನಲ್ಲೇ ನೂರು ರೂಪಾಯಿ ಕಟ್ಟಿದಳು. ಆ ದುಡ್ಡೆಲ್ಲಾ ಹಾಡು ಕಲಿಸೋರಿಗೇ ಹೋಗುತ್ತಾ?"

ಒಳ್ಳೆಯ ಪ್ರಶ್ನೆ. ಉತ್ತರ ತಿಳಿಯಲು ಮೊದಲು ಒಂದು ಸಂತೆಗೆ ಹೋಗಿ ಬರೋಣ.

ಒಂದೇ ಬಾಗಿಲಿನ ಸಂತೆ

ಒಂದು ದೊಡ್ಡ ಸಂತೆ ಇದೆ ಅಂತ ತಿಳಿಯಿರಿ. ಸುತ್ತಮುತ್ತ ಬೇರೆ ಸಂತೆ ಇಲ್ಲ. ಸಂತೆಗೆ ಇರುವುದು ಒಂದೇ ಬಾಗಿಲು. ಬಾಗಿಲ ಬಳಿ ಯಜಮಾನ ಕುಳಿತಿದ್ದಾನೆ. ನೀವು ರೊಟ್ಟಿ, ಚಟ್ನಿಪುಡಿ ಮಾರಲು ಹೋಗುತ್ತೀರಿ. ಆತ ಹೇಳುತ್ತಾನೆ: "ನೂರು ರೂಪಾಯಿ ವ್ಯಾಪಾರ ಮಾಡಿದರೆ ಮೂವತ್ತು ನನಗೆ. ಗಿರಾಕಿ ದುಡ್ಡನ್ನು ನನ್ನ ಗಲ್ಲಾದಲ್ಲೇ ಹಾಕಬೇಕು. ನಿನ್ನ ಪಾಲು ಆಮೇಲೆ ಕೊಡುತ್ತೇನೆ."

ಅದು ಹೆಚ್ಚಾಯಿತು ಅಂತ ನೀವು ಹೇಳುತ್ತೀರಿ. ಕೇಳುವವರು ಯಾರು? ಸುಂಕದವನ ಹತ್ತಿರ ಸುಖ ದುಃಖ ಹೇಳಿಕೊಂಡ ಹಾಗೆ ಆಗುತ್ತದೆ. ಬೇರೆ ಸಂತೆ ಇದ್ದಿದ್ದರೆ ಅಲ್ಲಿಗೆ ಹೋಗುತ್ತಿದ್ದಿರಿ. ಇಲ್ಲವಲ್ಲ!

ಇನ್ನೊಂದು ವಿಷಯ. ಸಂತೆಯೊಳಗೆ ಯಜಮಾನನದೂ ಒಂದು ಅಂಗಡಿ ಇದೆ. ಅವನಿಗೆ ಅವನು ಸುಂಕ ಕಟ್ಟಬೇಕಿಲ್ಲ. ಬಾಗಿಲ ಎದುರಿಗೇ ಅವನ ಜಾಗ. ಈಗ ಹೇಳಿ, ನಿಮಗೂ ಅವನಿಗೂ ಪೈಪೋಟಿ ಸಮ ಇದೆಯೇ?

ಆ ನೂರು ರೂಪಾಯಿಯ ಲೆಕ್ಕ

ಪ್ಲೇ ಸ್ಟೋರಿನಲ್ಲೂ ಹೀಗೇ ಒಂದು ಪಾಲು ಇದೆ. ಬಹಳ ವರ್ಷ ಅದು ನೂರಕ್ಕೆ 30 ಇತ್ತು. 2021ರಲ್ಲಿ ಗೂಗಲ್ ಅದನ್ನು ಸ್ವಲ್ಪ ಇಳಿಸಿತು. ವರ್ಷದ ಮೊದಲ 10 ಲಕ್ಷ ಡಾಲರ್ ವ್ಯಾಪಾರಕ್ಕೆ ನೂರಕ್ಕೆ 15 ಅಂತ ಮಾಡಿತು.

ಅಂದರೆ 30ರ ಲೆಕ್ಕದಲ್ಲಿ ನೂರು ರೂಪಾಯಿ ಕಟ್ಟಿದರೆ ಆ್ಯಪ್ ಮಾಡಿದವರ ಕೈಗೆ 70 ರೂಪಾಯಿ. 15ರ ಲೆಕ್ಕದಲ್ಲಿ 85 ರೂಪಾಯಿ.

ಎಲ್ಲದಕ್ಕೂ ಈ ಪಾಲು ಇಲ್ಲ. ಫೋನಿನಲ್ಲಿ ಸೀರೆ ಕೊಂಡರೆ, ಬಸ್ ಟಿಕೆಟ್ ತೆಗೆದರೆ ಈ ಪಾಲು ಇಲ್ಲ. ಹಾಡು, ಪಾಠ, ಆಟ, ಕತೆ ಹೀಗೆ ಫೋನಿನೊಳಗೇ ಸಿಗುವ ಸರಕಿಗೆ ಮಾತ್ರ ಇದೆ. ಇಂಥ ಸರಕಿನ ದುಡ್ಡನ್ನು ತನ್ನ ಗಲ್ಲಾದ ಮೂಲಕವೇ ಕಟ್ಟಿಸಬೇಕು ಅಂತ ಗೂಗಲ್ ನಿಯಮ ಮಾಡಿತ್ತು. ಜಗಳ ಬಂದದ್ದು ಇಲ್ಲೇ.

ಕಾನೂನು ಏನು ಹೇಳುತ್ತದೆ?

ದೊಡ್ಡವರಾಗುವುದು ತಪ್ಪಲ್ಲ. ಒಳ್ಳೆಯ ಸರಕು ಕೊಟ್ಟು, ಗಿರಾಕಿಗಳನ್ನು ಗಳಿಸಿ ಬೆಳೆದರೆ ಯಾರೂ ತಡೆಯುವುದಿಲ್ಲ. ಆದರೆ ದೊಡ್ಡಸ್ತಿಕೆಯ ಬಲದಿಂದ ಬೇರೆಯವರ ದಾರಿಗೆ ಅಡ್ಡ ನಿಂತರೆ ತಪ್ಪು. ಇದಕ್ಕಾಗಿ ನಮ್ಮ ದೇಶದಲ್ಲಿ 2002ರ ಸ್ಪರ್ಧಾ ಕಾಯಿದೆ ಇದೆ. 'ಸ್ಪರ್ಧೆ' ಅಂದರೆ ಪೈಪೋಟಿ. ಈ ಕಾಯಿದೆಯನ್ನು ನೋಡಿಕೊಳ್ಳಲು ದೆಹಲಿಯಲ್ಲಿ ಭಾರತೀಯ ಸ್ಪರ್ಧಾ ಆಯೋಗ ಇದೆ.

ಇಂಥ ಕಾನೂನು ಹೊಸದೇನಲ್ಲ. ಅಮೆರಿಕದಲ್ಲಿ 1890ರಲ್ಲೇ ಬಂತು. ಆಗ ಅಲ್ಲಿ ಸ್ಟಾಂಡರ್ಡ್ ಆಯಿಲ್ ಎಂಬ ದೊಡ್ಡ ಕಂಪನಿ ಇತ್ತು. ಅದರ ಮುಖ್ಯ ಸರಕು ಯಾವುದು ಗೊತ್ತೇ? ದೀಪಕ್ಕೆ ಹಾಕುವ ಸೀಮೆಎಣ್ಣೆ. ಎಣ್ಣೆ ವ್ಯಾಪಾರವನ್ನೆಲ್ಲಾ ಅದು ಮುಷ್ಟಿಯಲ್ಲಿ ಹಿಡಿದಿತ್ತು. 1911ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಒಡೆಯಲು ಹೇಳಿತು. ಒಂದು ಕಂಪನಿ 34 ಕಂಪನಿ ಆಯಿತು.

ಸಕ್ಕರೆ ಬೇಕಾದರೆ ಸೋಪನ್ನೂ ಕೊಳ್ಳಿ

ನಮ್ಮ ದೇಶದ ಬಹುಪಾಲು ಸ್ಮಾರ್ಟ್ ಫೋನುಗಳು ನಡೆಯುವುದು ಆಂಡ್ರಾಯ್ಡ್ ಎಂಬ ವ್ಯವಸ್ಥೆಯ ಮೇಲೆ. ಅದೂ ಗೂಗಲ್‌ನದೇ. ಮೂವರು ಯುವಜನ ಇದರ ಬಗ್ಗೆ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು. 2019ರಲ್ಲಿ ಆಯೋಗ ತನಿಖೆಗೆ ಆದೇಶ ಮಾಡಿತು.

ಏನು ಕಂಡುಬಂತು? ಫೋನು ಮಾಡುವ ಕಂಪನಿಗಳಿಗೆ ಪ್ಲೇ ಸ್ಟೋರ್ ಬೇಕೇ ಬೇಕು. ಅದು ಇಲ್ಲದ ಫೋನನ್ನು ಜನ ಕೊಳ್ಳುವುದಿಲ್ಲ. ಆದರೆ ಪ್ಲೇ ಸ್ಟೋರ್ ಬೇಕಾದರೆ ಗೂಗಲ್‌ನ ಬೇರೆ ಆ್ಯಪ್‌ಗಳ ಗಂಟನ್ನೂ ಫೋನಿಗೆ ಹಾಕಬೇಕಿತ್ತು. ಸಕ್ಕರೆ ಕೇಳಿದರೆ "ಸೋಪು ತಗೊಂಡರೆ ಮಾತ್ರ ಸಕ್ಕರೆ" ಅಂತ ಅಂಗಡಿಯವನು ಹೇಳಿದ ಹಾಗೆ.

ಇದು ಬಲದ ದುರುಪಯೋಗ ಅಂತ ಆಯೋಗ ತೀರ್ಮಾನಿಸಿತು. 2022ರ ಅಕ್ಟೋಬರ್ 20ರಂದು ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಐದು ದಿನ ಕಳೆದು, ಅಕ್ಟೋಬರ್ 25ರಂದು, ಇನ್ನೊಂದು ತೀರ್ಪು ಬಂತು. ಅದು ನಾವು ಮೊದಲು ನೋಡಿದ ಗಲ್ಲಾದ ವಿಷಯ. ಅದಕ್ಕೆ ದಂಡ 936.44 ಕೋಟಿ ರೂಪಾಯಿ.

ಆಮೇಲೆ ಏನಾಯಿತು?

ಗೂಗಲ್ ಸುಮ್ಮನಿರಲಿಲ್ಲ. ಮೇಲಿನ ನ್ಯಾಯಮಂಡಳಿಗೆ ಹೋಯಿತು. 2023ರ ಮಾರ್ಚ್‌ನಲ್ಲಿ ನ್ಯಾಯಮಂಡಳಿ ಮೊದಲಿನ ದಂಡ ಸರಿ ಅಂತ ಹೇಳಿತು. ಆದರೆ ಆಯೋಗದ ಹತ್ತು ಸೂಚನೆಗಳಲ್ಲಿ ನಾಲ್ಕನ್ನು ತೆಗೆದುಹಾಕಿತು.

ಎರಡನೇ ದಂಡ 2025ರ ಮಾರ್ಚ್‌ನಲ್ಲಿ 216.69 ಕೋಟಿಗೆ ಇಳಿಯಿತು. ಯಾಕೆ ಇಳಿಯಿತು? ದಂಡವನ್ನು ಪ್ಲೇ ಸ್ಟೋರಿನ ಗಳಿಕೆಯ ಮೇಲೆ ಮಾತ್ರ ಲೆಕ್ಕ ಹಾಕಬೇಕು ಅಂತ ನ್ಯಾಯಮಂಡಳಿ ಹೇಳಿತು. ತಪ್ಪು ಆಗಿಲ್ಲ ಅಂತ ಮಾತ್ರ ಹೇಳಲಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಎರಡೂ ಕಡೆಯ ಮೇಲ್ಮನವಿಗಳನ್ನು ವಿಚಾರಣೆಗೆ ತೆಗೆದುಕೊಂಡಿತು.

ಈ ನಡುವೆ ಕೆಲವು ಬದಲಾವಣೆ ಬಂದವು. ದುಡ್ಡು ಕಟ್ಟಲು ಬೇರೆ ದಾರಿಯನ್ನೂ ಇಡಬಹುದು ಅಂತ ಗೂಗಲ್ ಒಪ್ಪಿತು. ಆದರೆ ಬೇರೆ ದಾರಿಯಲ್ಲಿ ಕಟ್ಟಿದರೂ ಅದರ ಪಾಲು ಪೂರ್ತಿ ಹೋಗಲಿಲ್ಲ. ನೂರಕ್ಕೆ 4 ಮಾತ್ರ ಕಡಿಮೆ ಆಯಿತು. 30 ಇದ್ದದ್ದು 26, 15 ಇದ್ದದ್ದು 11. "ಬಾಗಿಲು ಬದಲಾದರೂ ಸುಂಕ ತಪ್ಪಲಿಲ್ಲ" ಅಂತ ಆ್ಯಪ್ ಮಾಡುವವರು ದೂರಿದರು.

ಅಂಗಡಿಯಿಂದ ಹೊರಗೆ ಹಾಕಿದಾಗ

2024ರ ಮಾರ್ಚ್ ಮೊದಲ ದಿನ ಒಂದು ಘಟನೆ ನಡೆಯಿತು. ಪಾಲು ಕಟ್ಟಿಲ್ಲ ಅಂತ ಹೇಳಿ ಗೂಗಲ್ ನಮ್ಮ ದೇಶದ ಕೆಲವು ಆ್ಯಪ್‌ಗಳನ್ನು ಪ್ಲೇ ಸ್ಟೋರಿನಿಂದ ತೆಗೆದುಹಾಕಿತು. ಗಂಡು ಹೆಣ್ಣು ಹುಡುಕುವ ಭಾರತ್ ಮ್ಯಾಟ್ರಿಮೊನಿ ಅದರಲ್ಲಿತ್ತು. ಕೆಲಸ ಹುಡುಕುವ ನೌಕರಿ ಆ್ಯಪ್ ಕೂಡ ಇತ್ತು. ಕೇಂದ್ರ ಸರ್ಕಾರ ಮಧ್ಯೆ ಬಂತು. ಮಾತುಕತೆ ನಡೆಯಿತು. ಕೆಲವೇ ದಿನಗಳಲ್ಲಿ ಆ್ಯಪ್‌ಗಳು ಅಂಗಡಿಗೆ ವಾಪಸ್ ಬಂದವು.

ಬಾಗಿಲು ಒಬ್ಬರ ಕೈಯಲ್ಲಿದ್ದರೆ ಏನಾಗಬಹುದು ಅಂತ ಆಗ ಎಲ್ಲರಿಗೂ ಕಂಡಿತು. ಅಂಗಡಿಯಲ್ಲಿ ಇಲ್ಲದ ಆ್ಯಪ್ ಹೊಸ ಗಿರಾಕಿಗೆ ಸುಲಭವಾಗಿ ಸಿಗುವುದಿಲ್ಲ. ಅದನ್ನು ನಂಬಿದ ನೌಕರರ ಸಂಬಳಕ್ಕೂ ಕುತ್ತು ಬರಬಹುದು.

ಬೇರೆ ದೇಶಗಳಲ್ಲಿ

ಐಫೋನ್ ಮಾಡುವ ಆ್ಯಪಲ್ ಕಂಪನಿಗೂ ತನ್ನದೇ ಆ್ಯಪ್ ಅಂಗಡಿ ಇದೆ. ಅಲ್ಲೂ ಇದೇ ಜಗಳ. ದಕ್ಷಿಣ ಕೊರಿಯಾ 2021ರಲ್ಲಿ, ದುಡ್ಡು ಕಟ್ಟುವ ದಾರಿ ಒಂದೇ ಇರಬಾರದು ಅಂತ ಕಾನೂನು ಮಾಡಿತು. 2024ರ ಮಾರ್ಚ್‌ನಲ್ಲಿ ಅಮೆರಿಕ ಸರ್ಕಾರವೇ ಆ್ಯಪಲ್ ಮೇಲೆ ಮೊಕದ್ದಮೆ ಹೂಡಿತು. 2025ರ ಏಪ್ರಿಲ್‌ನಲ್ಲಿ ಯುರೋಪಿನ ಒಕ್ಕೂಟ ಆ್ಯಪಲ್‌ಗೆ 50 ಕೋಟಿ ಯೂರೋ ದಂಡ ಹಾಕಿತು.

ಕಂಪನಿಗಳ ಮಾತನ್ನೂ ಕೇಳೋಣ

ಎರಡೂ ಕಡೆ ಕೇಳಬೇಕು. ಕಂಪನಿಗಳು ಹೇಳುವುದು ಇಷ್ಟು: "ಅಂಗಡಿ ಕಟ್ಟಿದ್ದು ನಾವು. ಮೋಸದ ಆ್ಯಪ್ ಬಾರದಂತೆ ಕಾಯುವುದು ನಾವು. ಅದಕ್ಕೆ ಖರ್ಚಿದೆ. ಬಹಳ ಆ್ಯಪ್‌ಗಳು ನಮಗೆ ಒಂದು ಪೈಸೆಯನ್ನೂ ಕೊಡುವುದಿಲ್ಲ."

ಈ ಮಾತಿನಲ್ಲಿ ಸತ್ಯ ಇದೆ. ವಾಟ್ಸಾಪಿನಲ್ಲಿ ಬಂದ ಗುರುತಿಲ್ಲದ ಲಿಂಕ್ ಒತ್ತಿ ಆ್ಯಪ್ ಹಾಕಿಕೊಂಡು, ಬ್ಯಾಂಕಿನ ದುಡ್ಡು ಕಳೆದುಕೊಂಡವರು ಇದ್ದಾರೆ. ನೀವು ಹಾಗೆ ಮಾಡಬೇಡಿ. ಮೋಸ ಆದರೆ ಕೂಡಲೇ 1930ಕ್ಕೆ ಫೋನ್ ಮಾಡಿ.

ಆದರೆ ಕಾವಲು ಕಾಯುವುದು ಬೇರೆ, ಕಾಯುವ ನೆಪದಲ್ಲಿ ಬೇಲಿಯೇ ಹೊಲ ಮೇಯುವುದು ಬೇರೆ. ಕೂಲಿ ಎಷ್ಟು ನ್ಯಾಯ, ಎಷ್ಟು ಅನ್ಯಾಯ? ಆಯೋಗಗಳು, ಕೋರ್ಟುಗಳು ಅಳೆಯುತ್ತಿರುವುದು ಇದನ್ನೇ.

ನಮಗೇನು ಇದರಿಂದ?

ಆ್ಯಪ್ ಮಾಡುವವರು ಪಾಲಿನ ಹೊರೆಯನ್ನು ಬೆಲೆಗೆ ಸೇರಿಸಬಹುದು. ಆಗ ಹೆಚ್ಚು ಕೊಡುವವರು ನಾವೇ. ನಾಳೆ ನಿಮ್ಮ ಮಗಳು ಕನ್ನಡದಲ್ಲಿ ಹೊಲಿಗೆ ಪಾಠದ ಆ್ಯಪ್ ಮಾಡಿ ಮಾರಿದರೆ, ಆ ಬಾಗಿಲಲ್ಲಿ ಅವಳೂ ನಿಲ್ಲಬೇಕು. ಆಗ ಅವಳ ಕೈಗೆ 70 ಬರುತ್ತದೋ 85 ಬರುತ್ತದೋ, ಅದು ಅವಳ ದುಡಿಮೆಯ ಮಾತು.

ತರಗತಿಯ ಆ ಅಕ್ಕ ಲೆಕ್ಕ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: "ಇಷ್ಟು ದಿನ ಮಗಳು ಒತ್ತು ಅಂದಲ್ಲಿ ಒತ್ತುತ್ತಿದ್ದೆ. ಇನ್ನು ಮೇಲೆ ಓದಿ ಒತ್ತುತ್ತೀನಿ."

ನೀವೂ ಹಾಗೇ ಮಾಡಿ. ದುಡ್ಡು ಕಟ್ಟುವ ಮೊದಲು ಪರದೆಯ ಮೇಲಿನ ಅಕ್ಷರ ಓದಿ. ಎಷ್ಟು ದುಡ್ಡು, ಒಂದು ಸಲಕ್ಕೋ ತಿಂಗಳು ತಿಂಗಳಿಗೋ, ನೋಡಿ.

ಹೊಸ ಪದಗಳು
ಪೈಪೋಟಿ – ಒಬ್ಬರಿಗಿಂತ ಒಬ್ಬರು ಮುಂದೆ ಹೋಗುವ ಯತ್ನ
ಏಕಸ್ವಾಮ್ಯ – ವ್ಯಾಪಾರವೆಲ್ಲಾ ಒಬ್ಬರ ಹಿಡಿತದಲ್ಲಿರುವುದು
ಮೇಲ್ಮನವಿ – ತೀರ್ಪು ಒಪ್ಪದೆ ಮೇಲಿನ ಕೋರ್ಟಿಗೆ ಹೋಗುವುದು

ಯೋಚಿಸಿ, ಹೇಳಿ
1. ನೂರಕ್ಕೆ 30 ಪಾಲು ಹೋದರೆ 250 ರೂಪಾಯಿಯಲ್ಲಿ ಉಳಿಯುವುದು ಎಷ್ಟು?
2. ನಿಮ್ಮ ಊರಿನಲ್ಲಿ ಒಬ್ಬರೇ ಕೊಳ್ಳುವ ಅಥವಾ ಒಬ್ಬರೇ ಮಾರುವ ಸರಕು ಇದೆಯೇ? ಬೆಲೆ ಹೇಗಿದೆ?
3. ನೀವು ಹಾಕದೆ, ಫೋನಿನ ಜೊತೆಗೇ ಬಂದ ಆ್ಯಪ್‌ಗಳು ಎಷ್ಟು? ಎಣಿಸಿ. ಹೆಸರು ಬರೆಯಿರಿ.