ಮದ್ದಿನ ದಾರಿಯ ಬಾಗಿಲುಗಳು

ಕೆಲವು ವರ್ಷಗಳ ಹಿಂದೆ ನಮ್ಮ ಅಕ್ಕನವರ ಮನೆಯಲ್ಲಿ ನಡೆದ ಪ್ರಸಂಗವೊಂದರಿಂದ ಈ ಲೇಖನವನ್ನು ಆರಂಭಿಸುತ್ತೇವೆ. ಅಕ್ಕನವರಿಗೆ ಆಗ ಎಪ್ಪತ್ತು ದಾಟಿತ್ತು. ಹೃದಯದ ಬಡಿತ ಕ್ರಮ ತಪ್ಪಿದ್ದುದರಿಂದ ಡಿಗಾಕ್ಸಿನ್ ಎಂಬ ಗುಳಿಗೆಯನ್ನು ಹಲವು ವರ್ಷಗಳಿಂದ ನಿಯಮ ತಪ್ಪದೆ ಸೇವಿಸುತ್ತಿದ್ದರು. ಒಂದು ಚಳಿಗಾಲದಲ್ಲಿ ಕೆಮ್ಮು, ಕಫ ಹೆಚ್ಚಾಗಲು ಅವರನ್ನು ಬೇರೊಬ್ಬ ವೈದ್ಯರಲ್ಲಿಗೆ ಕರೆದೊಯ್ದೆವು. ಅವರು ಕ್ಲಾರಿತ್ರೊಮೈಸಿನ್ ಎಂಬ ಆಂಟಿಬಯೋಟಿಕ್ ಬರೆದುಕೊಟ್ಟರು. ಕಫ ಕರಗಿತು. ಆದರೆ ಐದಾರು ದಿನಗಳಲ್ಲಿ ಅಕ್ಕನವರಿಗೆ ಊಟ ಸೇರದಾಯಿತು, ವಾಕರಿಕೆ ಬಂದಿತು, ಕಣ್ಣಿಗೆ ಎಲ್ಲವೂ ಹಳದಿಯಾಗಿ ಕಾಣತೊಡಗಿತು. ವಯೋಧರ್ಮವೆಂದು ಬಗೆದು ನಾವು ಎರಡು ದಿನ ಸುಮ್ಮನಿದ್ದೆವು. ನಾಡಿ ತೀರ ಮಂದವಾದಾಗ ಹೃದಯದ ವೈದ್ಯರಲ್ಲಿಗೆ ಓಡಿದೆವು. ರಕ್ತಪರೀಕ್ಷೆ ಮಾಡಿಸಿದರೆ ಡಿಗಾಕ್ಸಿನ್ ಪ್ರಮಾಣ ಮಿತಿಯನ್ನು ಮೀರಿತ್ತು. ಅಕ್ಕನವರು ಒಂದು ಗುಳಿಗೆಯನ್ನೂ ಹೆಚ್ಚಿಗೆ ನುಂಗಿರಲಿಲ್ಲ. ಹಾಗಿದ್ದ ಮೇಲೆ ಹೆಚ್ಚಾದ ಮದ್ದು ಎಲ್ಲಿಂದ ಬಂದಿತು?

ಅದು ಎಲ್ಲಿಂದಲೂ ಬಂದುದಲ್ಲ. ಹೊರಗೆ ಹೋಗಬೇಕಾದುದು ಒಳಗೇ ಉಳಿದುದು. ಈ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ.

ನಮ್ಮ ಶರೀರವು ಅಸಂಖ್ಯ ಜೀವಕೋಶಗಳ ಸಮುದಾಯ. ಪ್ರತಿಯೊಂದು ಕೋಶಕ್ಕೂ ಕೊಬ್ಬಿನಂಶದಿಂದಾದ ತೆಳುವಾದ ಪೊರೆಯೇ ಸುತ್ತುಗೋಡೆ. ಕೆಲವು ಮದ್ದುಗಳು ಆ ಪೊರೆಯಲ್ಲಿ ಕರಗಿ ತಾವಾಗಿಯೇ ದಾಟುತ್ತವೆ. ಉಳಿದವುಗಳಿಗೆ ಬಾಗಿಲು ಬೇಕು. ಪೊರೆಯಲ್ಲಿ ನಾಟಿಕೊಂಡಿರುವ ಕೆಲವು ಪ್ರೋಟೀನುಗಳೇ ಆ ಬಾಗಿಲುಗಳು. ಕೆಲವು ಒಳಗೆ ಕರೆದುಕೊಳ್ಳುತ್ತವೆ, ಕೆಲವು ಹೊರಗೆ ತಳ್ಳುತ್ತವೆ. ಇವುಗಳಿಗೆ ಸಾಗಣೆ ಪ್ರೋಟೀನುಗಳೆಂದು ಹೆಸರು. ಮಾನವ ಶರೀರದಲ್ಲಿ ಇಂಥವು ನಾನೂರಕ್ಕೂ ಹೆಚ್ಚು ಬಗೆಯಾಗಿವೆ. ಇವು ಔಷಧಗಳಿಗಾಗಿ ಹುಟ್ಟಿದವಲ್ಲ. ಸಕ್ಕರೆ, ಲವಣ ಮೊದಲಾದ ಪೋಷಕ ವಸ್ತುಗಳನ್ನು ಸಾಗಿಸುವುದು, ಆಹಾರದೊಡನೆ ಬಂದ ವಿಷವನ್ನು ಹೊರಹಾಕುವುದು ಇವುಗಳ ಸಹಜ ಕಾಯಕ. ನಾವು ನುಂಗಿದ ಮದ್ದೂ ಇವೇ ಬಾಗಿಲುಗಳಲ್ಲಿ ಹಾಯ್ದು ಹೋಗಬೇಕಾಗುತ್ತದೆ.

ಇವುಗಳಲ್ಲಿ ಪಿ-ಗ್ಲೈಕೊಪ್ರೋಟೀನ್ ಎಂಬುದು ಬಹು ಪ್ರಸಿದ್ಧವಾದುದು. 1976ರಲ್ಲಿ ಕೆನಡಾ ದೇಶದಲ್ಲಿ ಜೂಲಿಯಾನೊ ಮತ್ತು ವಿಕ್ಟರ್ ಲಿಂಗ್ ಎಂಬ ವಿಜ್ಞಾನಿಗಳು ಇದನ್ನು ಮೊದಲು ವರ್ಣಿಸಿದರು. ವಿಷಮದ್ದಿಗೂ ಜಗ್ಗದ ಕೆಲವು ಜೀವಕೋಶಗಳ ಪೊರೆಯಲ್ಲಿ ಅವರಿಗೆ ಇದು ಕಂಡಿತು. ಒಳನುಗ್ಗಿದ ಮದ್ದನ್ನು ಇದು ಶಕ್ತಿ ವ್ಯಯಿಸಿ ಹೊರಗೆ ಎತ್ತಿಹಾಕುತ್ತದೆಂಬುದು ಮುಂದೆ ಸ್ಪಷ್ಟವಾಯಿತು. ಆರೋಗ್ಯವಂತರ ಶರೀರದಲ್ಲಿಯೂ ಇದು ನಾಲ್ಕು ಮುಖ್ಯ ಸ್ಥಳಗಳಲ್ಲಿ ಕಾವಲಿಗಿದೆ. ಕರುಳಿನಲ್ಲಿ, ಹೀರಲ್ಪಟ್ಟ ಮದ್ದಿನ ಒಂದು ಭಾಗವನ್ನು ಮರಳಿ ಕರುಳಿಗೇ ಚೆಲ್ಲುತ್ತದೆ. ಯಕೃತ್ತಿನಲ್ಲಿ ಪಿತ್ತರಸಕ್ಕೂ, ಮೂತ್ರಪಿಂಡದಲ್ಲಿ ಮೂತ್ರಕ್ಕೂ ಸಾಗಿಸುತ್ತದೆ. ಮಿದುಳಿನ ರಕ್ತನಾಳಗಳಲ್ಲಿ ನಿಂತು ಮದ್ದು ಮಿದುಳನ್ನು ಹೊಗದಂತೆ ತಡೆಯುತ್ತದೆ. ಭೇದಿ ನಿಲ್ಲಿಸಲು ಕೊಡುವ ಲೋಪೆರಮೈಡ್ ಅಫೀಮಿನಂತೆ ವರ್ತಿಸುವ ಮದ್ದುಗಳ ಗುಂಪಿಗೆ ಸೇರಿದ್ದರೂ, ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡಾಗ ಮತ್ತು ಬರಿಸದಿರುವುದಕ್ಕೆ ಈ ಕಾವಲೇ ಒಂದು ಮುಖ್ಯ ಕಾರಣ.

ಡಿಗಾಕ್ಸಿನ್ನಿನ ಮೂಲ ಫಾಕ್ಸ್‌ಗ್ಲವ್ ಎಂಬ ಹೂಗಿಡದ ಕುಲ. ಈ ಕುಲದ ಗಿಡದ ಗುಣದೋಷಗಳನ್ನು 1785ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಗ್ರಂಥರೂಪದಲ್ಲಿ ಪ್ರಕಟಿಸಿದರು. ಈ ಮದ್ದಿನಲ್ಲಿ ಗುಣ ಕೊಡುವ ಪ್ರಮಾಣಕ್ಕೂ ಕೇಡು ಮಾಡುವ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ. ಶರೀರದಿಂದ ಇದು ಹೊರಹೋಗುವುದು ಬಹುಪಾಲು ಮೂತ್ರಪಿಂಡದ ಮೂಲಕ, ಮತ್ತು ಅದರಲ್ಲಿ ಪಿ-ಗ್ಲೈಕೊಪ್ರೋಟೀನಿನ ಪಾಲಿದೆ. ಕ್ಲಾರಿತ್ರೊಮೈಸಿನ್ ಆ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಅಕ್ಕನವರಿಗೆ ಆದುದು ಇದೇ. ದಿನದ ಗುಳಿಗೆ ಒಳಗೆ ಬರುತ್ತಲೇ ಇತ್ತು, ಹೋಗುವ ದಾರಿ ಮಾತ್ರ ಇಕ್ಕಟ್ಟಾಗಿತ್ತು. ಕ್ವಿನಿಡಿನ್ ಎಂಬ ಇನ್ನೊಂದು ಹೃದಯದ ಮದ್ದನ್ನು ಜೊತೆಗೆ ಕೊಟ್ಟರೆ ರಕ್ತದಲ್ಲಿ ಡಿಗಾಕ್ಸಿನ್ ಸುಮಾರು ಎರಡರಷ್ಟಾಗುತ್ತದೆಂದು 1978ರಲ್ಲಿಯೇ ವೈದ್ಯರು ಕಂಡುಕೊಂಡಿದ್ದರು. ಅದಕ್ಕೆ ಈ ಪ್ರೋಟೀನೇ ಕಾರಣವೆಂದು ತಿಳಿಯಲು ಮತ್ತೆ ಹಲವು ವರ್ಷಗಳು ಹಿಡಿದವು.

ಇದಕ್ಕೆ ವಿರುದ್ಧವಾದುದೂ ಉಂಟು. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಕರುಳಿನಲ್ಲಿ ಈ ಪ್ರೋಟೀನನ್ನು ಹೆಚ್ಚಿಸುತ್ತದೆ. ಅದರಿಂದ ನುಂಗಿದ ಡಿಗಾಕ್ಸಿನ್ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆಂದು 1999ರಲ್ಲಿ ಜರ್ಮನಿಯ ಸಂಶೋಧಕರು ತೋರಿಸಿದರು. ಅಲ್ಲಿ ಮಿತಿ ಮೀರಿದ ಭಯ, ಇಲ್ಲಿ ಸಾಲದೆ ಹೋಗುವ ಭಯ.

ಬಾಗಿಲನ್ನು ಬೇಕೆಂದೇ ಮುಚ್ಚಿ ಉಪಕಾರ ಪಡೆದ ಉದಾಹರಣೆಯೂ ಇದೆ. 1941ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಒಬ್ಬ ಪೊಲೀಸನಿಗೆ ಪೆನಿಸಿಲಿನ್ ಕೊಟ್ಟಾಗ, ಮದ್ದು ದುರ್ಲಭವಾಗಿದ್ದ ಕಾರಣ ಆತನ ಮೂತ್ರದಿಂದಲೇ ಅದನ್ನು ಮರಳಿ ತೆಗೆದು ಚುಚ್ಚಿದರು. ಆದರೂ ಮದ್ದು ಮುಗಿದು ಆತ ತೀರಿಕೊಂಡ. ಮೂತ್ರಪಿಂಡದ ಸಾಗಣೆ ಪ್ರೋಟೀನುಗಳು ಪೆನಿಸಿಲಿನ್ನನ್ನು ಅಷ್ಟು ವೇಗವಾಗಿ ಹೊರಹಾಕುತ್ತಿದ್ದವು. ಅವುಗಳನ್ನು ತಡೆಯಲೆಂದೇ ಬಳಕೆಗೆ ಬಂದ ಪ್ರೊಬೆನೆಸಿಡ್‌ನಿಂದ ಪೆನಿಸಿಲಿನ್ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುವಂತಾಯಿತು.

ಆಹಾರವೂ ಈ ಬಾಗಿಲುಗಳನ್ನು ಮುಟ್ಟದೆ ಬಿಡದು. ಅಲರ್ಜಿಯ ಸೀನಿಗೆ ಕೊಡುವ ಫೆಕ್ಸೊಫೆನಾಡಿನ್ ಗುಳಿಗೆಯನ್ನು ಕಿತ್ತಳೆ ಅಥವಾ ಸೇಬಿನ ರಸದೊಡನೆ ನುಂಗಿದರೆ, ಕರುಳಿನಲ್ಲಿ ಅದನ್ನು ಒಳಗೆ ಕರೆದುಕೊಳ್ಳುವ ಪ್ರೋಟೀನಿಗೆ ತಡೆಯಾಗಿ ಮದ್ದು ಸರಿಯಾಗಿ ಹತ್ತದು. ಅದನ್ನು ನೀರಿನೊಡನೆಯೇ ಸೇವಿಸಬೇಕು.

ಅಕ್ಕನವರು ಗುಣಮುಖರಾದರು. ವೈದ್ಯರು ಎರಡೂ ಗುಳಿಗೆಗಳನ್ನು ನಿಲ್ಲಿಸಿ, ರಕ್ತಪರೀಕ್ಷೆ ನೋಡಿಕೊಂಡು ಡಿಗಾಕ್ಸಿನ್ನನ್ನು ಮತ್ತೆ ಆರಂಭಿಸಿದರು. ಆಗ ಅವರು ನಮ್ಮನ್ನು ಕೇಳಿದ ಪ್ರಶ್ನೆ ಇಂದಿಗೂ ಕಿವಿಯಲ್ಲಿದೆ: "ಕೆಮ್ಮಿಗೆ ತೋರಿಸಿದಾಗ ಈ ಗುಳಿಗೆಯ ಮಾತು ಹೇಳಿದ್ದಿರಾ?" ನಾವು ಹೇಳಿರಲಿಲ್ಲ. ದಿನವೂ ನುಂಗುವ ಮದ್ದು ನಮಗೆ ಮದ್ದೆಂದೇ ನೆನಪಾಗಿರಲಿಲ್ಲ.

ಆದುದರಿಂದ ಓದುಗ ಬಂಧುಗಳಲ್ಲಿ, ವಿಶೇಷವಾಗಿ ಮನೆಯ ಹಿರಿಯರಿಗೆ ಮದ್ದು ಕೊಡುವ ಸೊಸೆಯಂದಿರು, ಮಕ್ಕಳಲ್ಲಿ ನಮ್ಮ ವಿನಂತಿ ಇಷ್ಟೇ. ಮನೆಯ ಪ್ರತಿಯೊಬ್ಬರೂ ಸೇವಿಸುವ ಎಲ್ಲ ಮದ್ದುಗಳ ಹೆಸರು, ಪ್ರಮಾಣಗಳನ್ನು ಒಂದು ಚೀಟಿಯಲ್ಲಿ ಬರೆದಿಡಿರಿ. ನಾಟಿ ಮದ್ದು, ಕಷಾಯ, ಚೂರ್ಣಗಳನ್ನೂ ಬಿಡಬೇಡಿರಿ. ಯಾವ ವೈದ್ಯರಲ್ಲಿಗೆ ಹೋದರೂ, ಅಂಗಡಿಯಲ್ಲಿ ಗುಳಿಗೆ ಕೊಳ್ಳುವಾಗಲೂ ಆ ಚೀಟಿಯನ್ನು ತೋರಿಸಿರಿ. ಭಯಪಟ್ಟು ನಡೆಯುತ್ತಿರುವ ಮದ್ದನ್ನು ತಾವಾಗಿ ನಿಲ್ಲಿಸಬೇಡಿರಿ, ಅದೂ ಅಪಾಯವೇ. ಹೊಸ ಮದ್ದು ಸೇರಿದ ಮೇಲೆ ಹೊಸ ತೊಂದರೆ ತೋರಿದರೆ ವಯಸ್ಸಿನ ಮೇಲೆ ಹೊರಿಸದೆ ಅಂದೇ ವೈದ್ಯರಿಗೆ ತಿಳಿಸಿರಿ. ನಾವು ಸುಮ್ಮನೆ ಕಳೆದ ಆ ಎರಡು ದಿನಗಳು ಮತ್ತಾರ ಮನೆಯಲ್ಲಿಯೂ ಕಳೆಯದಿರಲಿ.